ಶೆಟ್ಟೆವ್ವ ಒಪ್ಪದ ‘ಅಸಂಖ್ಯಾತ’

ಕೌಜಲಗಿಯ ಶೆಟ್ಟೆವ್ವ ಐವತ್ತಾರನೆಯ ವಯಸ್ಸಿಗೆ ಪಾಟಿ-ಬಳಪ ಹಿಡಿದಳು. ಮದುವೆಯಾದಾಗಿನಿಂದ ಕುರಿ ಹಿಂಡಿನ ಜೊತೆ ಊರೂರು ಅಲೆದವಳು. ಮೊಣಕಾಲು ಸೋತ ಮೇಲೆ ಕುರಿಗಳನ್ನು ಮಗ ಸೋಮಲಿಂಗನಿಗೆ ಒಪ್ಪಿಸಿ ಊರಲ್ಲಿ ನಿಂತಿದ್ದಳು. ದೊಡ್ಡವರಿಗೆ ಅಕ್ಷರ ಕಲಿಸಲು ಗೋಕಾಕದಿಂದ ವಿಜಯಶ್ರೀ ಬರುತ್ತಾಳೆಂದು ತಿಳಿದು, ಮೊದಲ ದಿನವೇ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ಒಂದು ಸಂಜೆ ವಿಜಯಶ್ರೀ ಹಲಗೆಯ ಮೇಲೆ ‘ಅಸಂಖ್ಯಾತ’ ಎಂದು ಬರೆದಳು.

“ಎಣಿಸಾಕ ಆಗದಷ್ಟು ಅಂತ ಅರ್ಥ. ‘ಬಯಲಿನಲ್ಲಿ ಅಸಂಖ್ಯಾತ ಕುರಿಗಳಿವೆ’ ಅಂತ ಬರೀಬಹುದು.”

“ಅದು ತಪ್ಪಾಗತೈತ್ರಿ ಅಕ್ಕೋರ,” ಎಂದಳು ಶೆಟ್ಟೆವ್ವ.

ಉಳಿದವರು ನಕ್ಕರು. ವಿಜಯಶ್ರೀ ನಗಲಿಲ್ಲ. “ಯಾಕ ಯವ್ವಾ?”

“ನನಗ ನೂರರ ಮುಂದ ಎಣಿಸಾಕ ಬರಂಗಿಲ್ಲ, ಖರೆ. ಆದ್ರ ಒಂದ ಕುರಿ ಕಮ್ಮಿ ಆದ್ರೂ ಗೊತ್ತಾಗತೈತಿ. ಒಂದೊಂದರ ಮಾರಿ ಒಂದೊಂದ ನಮೂನಿ ಐತ್ರಿ.”

“ಹಂಗಾರ ರಗಡ ಕುರಿ ಅನ್ನೂಣೇನು?”

“ರಗಡ ಅನ್ರಿ, ಒಪ್ಪತೀನಿ. ಭಾಳ ಅದಾವ ಅಂದಂಗಾತು. ನಿಮ್ಮ ಶಬ್ದ ಕೇಳಿದ್ರ, ಅವುಗಳ ಮ್ಯಾಲ ಯಾರೂ ಲಕ್ಷ್ಯಾನ ಇಟ್ಟಿಲ್ಲ ಅನಸತೈತಿ.”

ವಿಜಯಶ್ರೀಗೆ ಕಣ್ಣಾರೆ ನೋಡಬೇಕೆನಿಸಿತು. ಮರುದಿನ ಇಬ್ಬರೂ ಹಿಂಡು ಬೀಡುಬಿಟ್ಟಿದ್ದ ಹೊಲಕ್ಕೆ ಹೋದರು. ಹೊತ್ತು ಮುಳುಗುವ ಮುನ್ನ ಕುರಿಗಳು ಒಂದನ್ನೊಂದು ತಳ್ಳುತ್ತ, ಬಲೆ ಕಟ್ಟಿದ ದಡ್ಡಿಯೊಳಗೆ ನುಗ್ಗಿದವು. ವಿಜಯಶ್ರೀ ಬೆರಳು ಮಡಿಚುತ್ತ ಎಣಿಸಿ ಎರಡು ಬಾರಿ ತಪ್ಪಿದಳು.

“ಹರಕ ಕಿವೀದು ಬಂದಿಲ್ಲಲ್ಲೋ,” ಎಂದಳು ಶೆಟ್ಟೆವ್ವ ಮಗನಿಗೆ.

“ಎಲ್ಲಾ ಬಂದಾವಬೇ. ನಾನ ಹೊಡಕೊಂಡ ಬಂದೇನಿ,” ಎಂದ ಸೋಮಲಿಂಗ.

ಶೆಟ್ಟೆವ್ವ ಕೋಲೂರಿಕೊಂಡು ಹಳ್ಳದ ಕಡೆ ನಡೆದಳು. ಹಿಂದೆಯೇ ಅವರಿಬ್ಬರೂ. ಜಾಲಿಕಂಟಿಯ ಮರೆಯಲ್ಲಿ ಹರಕು ಕಿವಿಯ ಕುರಿ ಆಗಷ್ಟೇ ಈದು, ಒದ್ದೆ ಮರಿಯನ್ನು ನೆಕ್ಕುತ್ತ ನಿಂತಿತ್ತು. ಸೋಮಲಿಂಗ ಮರಿಯನ್ನು ಕಂಬಳಿಯಲ್ಲಿ ಎತ್ತಿಕೊಂಡ.

ಮುಂದಿನ ಪಾಠದಲ್ಲಿ ವಿಜಯಶ್ರೀ ತನ್ನ ಉದಾಹರಣೆ ಸರಿಯಿರಲಿಲ್ಲ ಎಂದು ಎಲ್ಲರೆದುರು ಹೇಳಿದಳು. “ನೀವ ಒಂದ ವಾಕ್ಯ ಹೇಳ್ರಿ,” ಎಂದು ಕೇಳಿದಾಗ ಮಾತ್ರ ಶೆಟ್ಟೆವ್ವನಿಗೆ ಏನೂ ಹೊಳೆಯಲಿಲ್ಲ. ಮನೆಯಲ್ಲಿ ಜೋಳ ಹಸನು ಮಾಡುವಾಗಲೂ ಅದೇ ಯೋಚನೆ. ಕಾಳುಗಳನ್ನೂ ಕೂತು ಎಣಿಸಿದರೆ ಎಂದಾದರೂ ಮುಗಿದಾವು ಎನಿಸಿತು.

ಪರೀಕ್ಷೆಯಲ್ಲಿ ಆ ಶಬ್ದವನ್ನೇ ಬಳಸಿ ವಾಕ್ಯ ಬರೆಯಲು ಕೇಳಿದ್ದರು. ಸೋತ ಮೊಣಕಾಲನ್ನು ಸವರಿಕೊಂಡ ಶೆಟ್ಟೆವ್ವ, ಸೊಟ್ಟ ಅಕ್ಷರಗಳಲ್ಲಿ ಬರೆದಳು: ‘ಕುರಿಗಳ ಹಿಂದೆ ನಾನು ಇಟ್ಟ ಹೆಜ್ಜೆಗಳು ಅಸಂಖ್ಯಾತ.’

ಪಾಸಾದಳು. ಈ ವರ್ಷ ಪಾಠಕ್ಕೆ ಬಾಜೂಮನೆಯ ಕಾಶೆವ್ವನೂ ಬರುತ್ತಾಳೆ. ಅವಳ ಬೆರಳು ಹಿಡಿದು ‘ಅ’ ತಿದ್ದಿಸುವ ಕೆಲಸವನ್ನು ವಿಜಯಶ್ರೀ ಶೆಟ್ಟೆವ್ವನಿಗೇ ಬಿಟ್ಟಿದ್ದಾಳೆ.