ಹನ್ನೊಂದನೇ ಸಂಪುಟದ ಮುಯ್ಯಿ

ನಾನು ಕೂಡಿಡುವುದು ಸೀರೆಯಲ್ಲ, ಪಾತ್ರೆಯಲ್ಲ, ಕಾಮಿಕ್ಸು. ಅದೂ ಒಂದೇ ಕಾಮಿಕ್ಸು. ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ಒಂದು ಹಡಗು, ಅದಕ್ಕೊಬ್ಬ ಮೊಂಡ ಕ್ಯಾಪ್ಟನ್ನು, ನಾನು ಹುಟ್ಟುವುದಕ್ಕೂ ಮೊದಲಿನಿಂದ ವಾರವಾರ ನಡೆದುಕೊಂಡೇ ಬಂದಿರುವ ಇಂಗ್ಲಿಷ್ ಕಥೆ. ಹಳೆಯ ಸಂಚಿಕೆಗಳನ್ನೆಲ್ಲ ಈಗ ದಪ್ಪ ರಟ್ಟಿನ ಸಂಪುಟಗಳಾಗಿ ಮರುಮುದ್ರಣ ಮಾಡುತ್ತಿದ್ದಾರೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವೂ ಕೊಳ್ಳಲು ಶುರು ಮಾಡುತ್ತೀರಿ, ಈಗಲೇ ನನಗೆ ಸಿಗುವುದು ಕಷ್ಟವಾಗಿದೆ.

ಊರ್ಡಿಗೆರೆಯಲ್ಲಿ ಹೈಸ್ಕೂಲು ಓದುವಾಗ ನಮ್ಮಪ್ಪ ತುಮಕೂರಿನ ಗುಜರಿ ಅಂಗಡಿಯಿಂದ ಇದರ ಒಂದು ಕಟ್ಟು ಹಳೇ ಸಂಚಿಕೆ ತಂದುಕೊಟ್ಟಿದ್ದರು, ಮಗಳಿಗೆ ಇಂಗ್ಲಿಷ್ ಬರಲಿ ಅಂತ. ಇಂಗ್ಲಿಷ್ ಎಷ್ಟು ಬಂತೋ, ಹುಚ್ಚಂತೂ ಪೂರ್ತಿ ಬಂತು. ಆ ಕಟ್ಟಿನ ಕಡೆಯ ಸಂಚಿಕೆಯ ಕಡೆಯ ಚಿತ್ರದಲ್ಲಿ ಕ್ಯಾಪ್ಟನ್ನು ಒಂದು ಕಪ್ಪು ಬಾಗಿಲಿನ ಹಿಡಿಗೆ ಕೈ ಹಾಕಿದ್ದಾನೆ. ಕೆಳಗೆ ‘ಮುಂದಿನ ವಾರ’ ಅಂತ ಬರೆದಿದೆ. ಆ ಮುಂದಿನ ವಾರ ಮೂವತ್ತು ವರ್ಷವಾದರೂ ಬರಲಿಲ್ಲ. ನನಗೆ ಮದುವೆಯಾಯಿತು, ತುಮಕೂರಿನಲ್ಲಿ ಬ್ಯಾಂಕಿನ ಕೆಲಸವಾಯಿತು, ಮಗಳು ಕಾಲೇಜಿಗೆ ಹೋಗಿ ಹಾಸ್ಟೆಲ್ ಸೇರಿದಳು. ಆ ಪುಣ್ಯಾತ್ಮ ಮಾತ್ರ ಬಾಗಿಲ ಹಿಡಿ ಹಿಡಿದುಕೊಂಡು ಹಾಗೇ ನಿಂತಿದ್ದ.

ಬಾಗಿಲು ತೆರೆಯುವುದು ಹನ್ನೊಂದನೇ ಸಂಪುಟದಲ್ಲಿ. ಒಟ್ಟು ಹದಿನಾರು ಬಂದಿವೆ, ನನ್ನ ಹತ್ತಿರ ಹದಿನೈದಿದ್ದವು, ಇಲ್ಲದಿದ್ದುದು ಅದೊಂದೇ. ಸಾಲಾಗಿ ನಿಲ್ಲಿಸಿದರೆ ಬೆನ್ನುಗಳೆಲ್ಲ ಸೇರಿ ಉದ್ದದ ಒಂದು ರಾಕೆಟ್ಟಿನ ಚಿತ್ರವಾಗುತ್ತದೆ. ಹನ್ನೊಂದು ಇಲ್ಲದ್ದರಿಂದ ರಾಕೆಟ್ಟಿನ ಹೊಟ್ಟೆಯಲ್ಲಿ ಒಂದು ಸಂದು. ನಮ್ಮನೆಯವರು ಗಾಜಿನ ಬೀರುವಿನ ಮುಂದೆ ಹಾದುಹೋಗುವಾಗಲೆಲ್ಲ, “ನಿನ್ ರಾಕೆಟ್ಟು ಪಂಚರ್ ಆಗೈತೆ ಕಣೇ” ಅನ್ನುತ್ತಿದ್ದರು. ಪ್ರಕಾಶಕರು ಅದನ್ನು ಮತ್ತೆ ಅಚ್ಚು ಹಾಕುವುದಿಲ್ಲ ಅಂದಿದ್ದರು. ಕೊನೆಗೂ ಬೆಂಗಳೂರಿನ ಒಬ್ಬ ಅಂಗಡಿಯವರ ಹತ್ತಿರ ಇದ್ದ ಒಂದೇ ಒಂದು ಪ್ರತಿ ನನ್ನ ಪಾಲಿಗೆ ಬಂತು.

ಬಂತು, ಆದರೆ ನಾನಿರಲಿಲ್ಲ. ಎರಡು ದಿನ ಬ್ಯಾಂಕಿನ ಟ್ರೈನಿಂಗ್ ಅಂತ ಬೆಂಗಳೂರಿಗೆ ಹೋಗಿದ್ದೆ. ‘ಪಾರ್ಸಲ್ ತಲುಪಿದೆ’ ಅಂತ ಮೆಸೇಜು ನೋಡಿದ ಮೇಲೆ ಟ್ರೈನಿಂಗಿನಲ್ಲಿ ಯಾರು ಏನು ಹೇಳಿದರೋ ದೇವರೇ ಬಲ್ಲ. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕೇಳಿದೆ.

“ಅತ್ತೆ, ನನ್ನ ಪಾರ್ಸಲ್ ಎಲ್ಲಿ?”

“ಆ ಪೊಟ್ಣಾನಾ? ಅಕ್ಕನ ಮನೆ ಗೃಹಪ್ರವೇಶಕ್ಕೆ ಮುಯ್ಯಿ ಕೊಟ್ಬುಟ್ಟೆ ಕಣವ್ವ, ನೆನ್ನೆ.”

ಅಕ್ಕ ಅಂದರೆ ಕುಣಿಗಲ್ಲಿನಲ್ಲಿರುವ ಅತ್ತೆಯ ಒಡಹುಟ್ಟಿದ ಅಕ್ಕ, ನನಗೆ ದೊಡ್ಡತ್ತೆ.

“ಅದು ನನ್ನ ಪುಸ್ತಕ ಅತ್ತೆ!”

“ಗೊತ್ತು ಕಣವ್ವ, ಅದ್ಕೇ ಕೊಟ್ಟಿದ್ದು. ನನ್ ಮದ್ವೇಲಿ ಅಕ್ಕ ಬೆಳ್ಳಿ ಕುಂಕುಮದ ಬಟ್ಲು ಕೊಟ್ಟಿದ್ಲು. ಅವ್ಳಿಗೆ ಸ್ಟೀಲ್ ಡಬ್ಬ ಕೊಡಕ್ಕಾಯ್ತದಾ? ನಮ್ಮನೇಲಿ ನೀನು ದಿನಾ ಒರೆಸಿ, ಯಾರ್ಗೂ ಮುಟ್ಟಕ್ ಬುಡ್ದೆ, ಗಾಜಿನ ಬೀರೂಲಿ ಇಟ್ಟಿರೋದು ಅದೊಂದೇಯ. ಬೆಲೆ ಬಾಳಾದು ಅಂದ್ರೆ ಅದೇ ತಾನೇ? ಹದಿನೈದವೆ, ಒಂದ್ ಕೊಟ್ರೆ ಏನಾಯ್ತದೆ ಅಂತ.”

ನನಗೆ ಕೋಪ ಬಂದರೆ ನಾನು ಮಾತಾಡುವುದಿಲ್ಲ, ಪಾತ್ರೆಗಳು ಮಾತಾಡುತ್ತವೆ. ಮೂರು ದಿನ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳದೇ ಭಾಷಣ. ನಾಲ್ಕನೇ ದಿನ ಬಾಯಿಬಿಟ್ಟು, “ನಡೀರಿ, ಹೋಗಿ ಇಸ್ಕೊಂಡು ಬರೋಣ” ಅಂದೆ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. “ಕೊಟ್ ಮುಯ್ಯಿ ವಾಪಸ್ ಕೇಳಾದಾ? ಶಿವ ಶಿವಾ! ನಾನು ತಲೆ ಎತ್ಕಂಡ್ ತಿರುಗ್ಬೇಕಾ ಬ್ಯಾಡ್ವಾ? ನಮ್ಮನೇಲಿ ಏನಾರ ಕಾರ್ಯ ಆದಾಗ ಅವ್ರೂ ತೀರಿಸ್ತಾರೆ, ಸುಮ್ಕಿರು.” ಮುಯ್ಯಿಯ ಕಾಯಿದೆ ಇರುವುದೇ ಹಾಗೆ. ಕೊಟ್ಟವರು ಕೇಳುವಂತಿಲ್ಲ, ಪಡೆದವರು ಮರೆಯುವಂತಿಲ್ಲ.

ಕೇಳಬಾರದು ಸರಿ, ನೋಡಬಾರದು ಅಂತೇನೂ ಇಲ್ಲವಲ್ಲ. ಹೊಸ ಮನೆ ನೋಡುವ ನೆಪದಲ್ಲಿ ಒಂದು ಭಾನುವಾರ ಅತ್ತೆಯನ್ನು ಕರೆದುಕೊಂಡು ಕುಣಿಗಲ್ಲಿನ ಬಸ್ಸು ಹತ್ತಿದೆ. ದೊಡ್ಡತ್ತೆ ಮನೆ ತೋರಿಸಿದ್ದೇ ತೋರಿಸಿದ್ದು. ಹಾಲು, ರೂಮು, ಬಾತ್‌ರೂಮಿನ ಟೈಲ್ಸು, ಕಡೆಗೆ ಮುಚ್ಚಳ ತೆಗೆದು ನೀರಿನ ಸಂಪನ್ನೂ ತೋರಿಸಿದರು. ನಾನು ಕಳ್ಳ ಬೆಕ್ಕಿನ ಹಾಗೆ ಪ್ರತಿ ಶೆಲ್ಫನ್ನೂ ಕಣ್ಣಲ್ಲೇ ತಡಕಿದೆ. ಎಲ್ಲೂ ಇಲ್ಲ. ಕಾಫಿ ಕುಡಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ.

“ದೊಡ್ಡತ್ತೆ, ನಮ್ಮತ್ತೆ ಕೊಟ್ಟಿದ್ದು ಹೆಂಗಿದೆ?”

ದೊಡ್ಡತ್ತೆ ಒಂದು ಗುಟುಕು ಕಾಫಿಯಷ್ಟು ಹೊತ್ತು ತಡೆದರು. ಆಮೇಲೆ ತಂಗಿಯ ತೊಡೆ ತಟ್ಟಿ, “ಬೋ ಚೆನ್ನಾಗೈತೆ ಕಣೇ! ದಿನಾ ಉಪಯೋಗಿಸ್ತೀವಿ. ಬೆಳಗ್ಗೆ ಎದ್ರೆ ಅದೇ” ಅಂದರು.

ನಮ್ಮತ್ತೆಯ ಮುಖ ನೋಡಬೇಕಿತ್ತು, ಊರಗಲ. ವಾಪಸು ಬರುವಾಗ ಬಸ್ಸಿನ ತುಂಬ ಅದೇ ಮಾತು. “ನೋಡ್ದೇನವ್ವ? ದಿನಾ ಓದ್ತವ್ರಂತೆ. ನಾಕನೇ ಕ್ಲಾಸಿಗೇ ಇಸ್ಕೂಲ್ ಬುಟ್ಟೋಳು ನಮ್ಮಕ್ಕ, ಈಗ ಇಂಗ್ಲಿಷ್ ಓದ್ತವ್ಳೆ!”

ನನಗೆ ಅಲ್ಲೇ ಗೊತ್ತಾಯಿತು. ದೊಡ್ಡತ್ತೆ ಆ ಪೊಟ್ಟಣವನ್ನು ಬಿಚ್ಚೇ ಇಲ್ಲ. ಒಳಗಿರುವುದು ಕುಕ್ಕರೋ ಫ್ಲಾಸ್ಕೋ ಅಂದುಕೊಂಡು ಗಾಳಿಯಲ್ಲಿ ಒಂದು ಗುಂಡು ಹೊಡೆದಿದ್ದಾರೆ. ನನ್ನ ಎದೆ ಹಗುರಾಯಿತು. ಯಾಕೆಂದರೆ ನಮ್ಮ ಕಡೆ ಬಿಚ್ಚದ ಪೊಟ್ಟಣ ಒಂದು ಕಡೆ ಕೂತಿರುವುದಿಲ್ಲ, ಮುಂದಿನ ಕಾರ್ಯಕ್ಕೆ ಹೊರಡುತ್ತದೆ. ನಾವೇ ಗೂಳೂರಿನ ಮದುವೆಗೆ ಕೊಟ್ಟ ಗೋಡೆ ಗಡಿಯಾರ ಎರಡು ವರ್ಷ ಊರೂರು ಸುತ್ತಿ, ಮಗಳು ದೊಡ್ಡವಳಾದಾಗ ಮಾಡಿದ ಆರತಿಗೆ ನಮ್ಮನೆಗೇ ಬಂದಿತ್ತು. ಈಗ ನಮ್ಮನೆಯಲ್ಲಿ ಒಂದು ಕಾರ್ಯವಾಗಬೇಕು, ಅಷ್ಟೇ. ಅತ್ತೆಗೆ ಏನೂ ಹೇಳಲಿಲ್ಲ.

ಆದರೆ ಕಾರ್ಯ ಯಾವುದು? ಮಗಳ ಮದುವೆ ಮಾಡೋಣವೆಂದರೆ ಅವಳು ಇನ್ನೂ ಸೆಕೆಂಡ್ ಪಿಯುಸಿ. ಒಂದು ಕಾಮಿಕ್ಸಿಗೋಸ್ಕರ ಅಷ್ಟು ದೂರ ಹೋಗುವವಳಲ್ಲ ನಾನು. ಆಗ ಹೊಳೆದದ್ದು ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟ. ಹಳೇ ಶೆಡ್ಡು ಬಿದ್ದುಹೋಗಿ, ನಮ್ಮನೆಯವರು ಆಗಷ್ಟೇ ಹೊಸದೊಂದು ಪಂಪ್‌ಹೌಸ್ ಕಟ್ಟಿಸಿದ್ದರು. ಹತ್ತಡಿಗೆ ಹತ್ತಡಿ, ಮೇಲೆ ಶೀಟು.

“ಪಂಪ್‌ಹೌಸಿಗೆ ಗೃಹಪ್ರವೇಶ ಮಾಡೋಣ” ಅಂದೆ.

“ಮೋಟ್ರು ಒಳಗ್ ಬಲಗಾಲಿಟ್ಟು ಬರ್ತದಾ?” ಅಂದರು ನಮ್ಮನೆಯವರು. “ಹಾಲೂ ಉಕ್ಕಿಸ್ತೀಯೇನೋ?”

“ಉಕ್ಕಿಸ್ತೀನಿ.”

ಉಕ್ಕಿಸಿದೆ. ಪೈಪುಗಳ ಪಕ್ಕ ಸ್ಟವ್ ಇಟ್ಟು, ಎಲ್ಲರೂ ನೋಡುತ್ತಿರುವಾಗ ಹಾಲು ಉಕ್ಕಿಸಿದೆ. ಒಳಗೆ ನಾಲ್ಕು ಜನ ನಿಂತರೆ ಐದನೆಯವರು ಬಾವಿಗೆ ಬೀಳುವಷ್ಟು ಜಾಗ. ಪುರೋಹಿತರು ಸುತ್ತ ನೋಡಿ, “ಆಗ್ನೇಯದಲ್ಲಿ ಸ್ಟಾರ್ಟರ್ ಇದೆ, ಬಹಳ ಪ್ರಶಸ್ತ” ಅಂದರು. ಬಂದ ನೆಂಟರು ತಮ್ಮತಮ್ಮಲ್ಲೇ ಕಿಸಕ್ಕನೆ ನಗುತ್ತಿದ್ದರು. ನಗಲಿ ಹೋಗತ್ಲಾಗೆ. ನನ್ನ ಕಣ್ಣಿದ್ದುದು ದೊಡ್ಡತ್ತೆಯ ಕಂಕುಳಿನ ಮೇಲೆ. ಅಲ್ಲೊಂದು ಪೊಟ್ಟಣವಿತ್ತು, ಗುಲಾಬಿ ಹೂವಿನ ಕಾಗದ ಸುತ್ತಿದ್ದು. ಕೈಗೆ ಕೊಟ್ಟಾಗಲೇ ತೂಕ ಹೇಳಿಬಿಟ್ಟಿತು.

ಕೊಟ್ಟವರ ಎದುರಿಗೆ ಮುಯ್ಯಿ ಬಿಚ್ಚುವುದು ನಮ್ಮಲ್ಲಿಲ್ಲ. ಎಲ್ಲರೂ ಊಟ ಮಾಡಿ, ಎಲೆ ಅಡಿಕೆ ಹಾಕಿ, ದೊಡ್ಡತ್ತೆಯ ಕಾರು ತೋಟದ ಗೇಟು ದಾಟುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಹರಿದೆ. ಗುಲಾಬಿ ಕಾಗದದ ಒಳಗೆ ಹಸಿರು ಬಣ್ಣದ ಗಿಳಿ ಕಾಗದ. ಗಿಳಿ ಕಾಗದದ ಒಳಗೆ ರಟ್ಟಿನ ಪೆಟ್ಟಿಗೆ. ಅದರ ಮೇಲೆ ನನ್ನದೇ ವಿಳಾಸ.

“ಸಿಕ್ತು! ನನಗೆ ಅವತ್ತೇ ಗೊತ್ತಿತ್ತು, ಬಿಚ್ಚೇ ಇಲ್ಲ ಅವ್ರು!” ಅಂತ ಕೂಗಿ ಕುಣಿದೇಬಿಟ್ಟೆ. ನಮ್ಮನೆಯವರು ಚಪ್ಪಾಳೆ ತಟ್ಟಿದರು.

ಅತ್ತೆ ತಟ್ಟಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಕೂತು, ನಾನು ಹರಿದೆಸೆದ ಗಿಳಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಸುಕ್ಕು ತೆಗೆಯುತ್ತಿದ್ದರು. ಅಕ್ಕನ ಮುಯ್ಯಿಗೆ ಅಂತ ಅಂಗಡಿಯಲ್ಲಿ ಹತ್ತು ಕಾಗದ ತೆಗೆಸಿ ಅವರೇ ಆರಿಸಿದ್ದು ಅದು.

“ಬಿಚ್ಚೂ ನೋಡಿಲ್ವಲ್ಲವ್ವ ಅಕ್ಕ” ಅಂದರು. ಅಷ್ಟೇ.

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ನಮ್ಮನೆಯಲ್ಲಿರುವ ಬೆಲೆ ಬಾಳುವ ವಸ್ತು ಅಂತ ಈ ಹೆಂಗಸು ನನ್ನ ಹುಚ್ಚನ್ನು ಗುರುತಿಸಿದ್ದರು. ಗಂಡ ಗುರುತಿಸಿರಲಿಲ್ಲ, ಮಗಳೂ ಗುರುತಿಸಿರಲಿಲ್ಲ. ಅದನ್ನೇ ಕೊಂಡುಹೋಗಿ ಅಕ್ಕನಿಗೆ ಕೊಟ್ಟು, ಆರು ತಿಂಗಳು ಆ ಹೆಮ್ಮೆಯಲ್ಲೇ ಓಡಾಡಿದ್ದರು. ಆ ಹೆಮ್ಮೆಯನ್ನು ನಾನು ಹಾಲುಕ್ಕಿಸಿ, ಪುರೋಹಿತರನ್ನು ಕರೆಸಿ ಒಡೆದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಪಕ್ಕದಲ್ಲಿ ಕೂತು, “ಅತ್ತೆ, ಇದರೊಳಗೆ ಒಂದು ಬಾಗಿಲಿದೆ. ಮೂವತ್ತು ವರ್ಷದಿಂದ ತೆಗೆದಿಲ್ಲ. ನೀವೇ ತೆಗೀರಿ” ಅಂದೆ. ಕಥೆ ಹೇಳಿದೆ. ಹಡಗು, ಕ್ಯಾಪ್ಟನ್ನು, ಅಪ್ಪ ತಂದ ಕಟ್ಟು, ಎಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ನಾನು ತೋರಿಸಿದ ಪುಟವನ್ನು ಮೆಲ್ಲಗೆ ತಿರುವಿದರು.

ಬಾಗಿಲ ಹಿಂದೆ ಇನ್ನೊಂದು ಬಾಗಿಲಿತ್ತು.

ಮೂವತ್ತು ವರ್ಷ! ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಅತ್ತೆ ಒಂದು ಕ್ಷಣ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. “ಇದ್ಕೂ ಯಾರೋ ಎರಡೆರಡು ಪೇಪರ್ ಸುತ್ತವ್ರೆ ಕಣವ್ವ!”

ಅವತ್ತಿನಿಂದ ಬೆಳಗ್ಗೆ ನಾನು ಬ್ಯಾಂಕಿಗೆ ಹೊರಡುವ ಮೊದಲು ನಾಲ್ಕು ಪುಟ. ನಾನು ಓದಿ ಕನ್ನಡದಲ್ಲಿ ಹೇಳಬೇಕು, ಅತ್ತೆ ಕ್ಯಾಪ್ಟನ್ನನಿಗೆ ಬೈಯಬೇಕು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ಓದುತ್ತಿರುವಾಗಲೇ ಕುಣಿಗಲ್ಲಿನಿಂದ ಫೋನು ಬಂತು. ಸ್ಪೀಕರಿನಲ್ಲಿ ದೊಡ್ಡತ್ತೆ, “ಏನೇ, ನಾನ್ ಕೊಟ್ಟಿದ್ ಹೆಂಗೈತೆ? ಒಂದ್ ಮಾತೂ ಹೇಳ್ಲಿಲ್ವಲ್ಲ?”

ಅತ್ತೆ ನನ್ನ ಮುಖ ನೋಡಿದರು.

“ಬೋ ಚೆನ್ನಾಗೈತೆ ಕಣಕ್ಕ. ದಿನಾ ಉಪಯೋಗಿಸ್ತೀವಿ. ಬೆಳಗ್ಗೆ ಎದ್ರೆ ಅದೇ” ಅಂದರು ಅತ್ತೆ. ಫೋನು ಪಕ್ಕಕ್ಕಿಟ್ಟು ಕನ್ನಡಕ ಸರಿಮಾಡಿಕೊಂಡರು. “ಹ್ಞೂಂ, ತಿರುವವ್ವ ಹಾಳೇನ.”