ತಗ್ಗಿಸಿ ಕಟ್ಟಿದ ತಂತಿ

ನಮ್ಮ ಭಾವನ ಎರಡೂ ಕಿವಿಗಳ ಮೇಲ್ತುದಿಗಳು ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿದ್ದವು. ವರ್ಷಗಟ್ಟಲೆ ಹೆಡ್‌ಫೋನು ಒತ್ತಿ ಒತ್ತಿ ಹಾಗಾಗಿತ್ತು. ಸ್ಟೇಶನ್ ಬಜಾರಿನಲ್ಲಿ ಅವರ ಕ್ಷೌರ ಮಾಡುತ್ತಿದ್ದವನು ಕತ್ತರಿ ಆಡಿಸುತ್ತ, “ಮಾಸ್ತರ್ ಸಾಬ್‌ರ ಕಿವಿ ಇಸ್ತ್ರಿ ಮಾಡಿಟ್ಟಂಗ ಅವ ನೋಡ್ರಿ” ಎಂದು ಅಂಗಡಿಯಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದ. ಭಾವನೂ ನಗುತ್ತಿದ್ದರು. ಅದು ಅವರು ನಗುತ್ತಿದ್ದ ಕಾಲ.

ಅವರು ನನ್ನ ಅಕ್ಕನ ಗಂಡ. ಕಲಬುರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ನಿಜಾಮರ ಸರ್ಕಾರದ ಶಾಲೆ, ಪಾಠವೆಲ್ಲ ಉರ್ದುವಿನಲ್ಲಿ. ಮನೆಗೆ ಬಂದು ಶೇರ್ವಾನಿ ಕಳಚಿ ಗೂಟಕ್ಕೆ ಹಾಕಿದರೆಂದರೆ ಅವರು ಬೇರೆಯೇ ಮನುಷ್ಯ. ಹೈದರಾಬಾದಿನಿಂದ ಪರವಾನಗಿ ತಂದು, ಮಾಳಿಗೆಯ ಕೋಣೆಯಲ್ಲಿ ತಾವೇ ಜೋಡಿಸಿದ ರೇಡಿಯೋ ಇಟ್ಟುಕೊಂಡಿದ್ದರು. ಬರೀ ಕೇಳುವ ರೇಡಿಯೋ ಅಲ್ಲ, ಇಲ್ಲಿಂದ ಕಳಿಸಲೂ ಬರುವಂಥದ್ದು. ಮಾತಿನ ದನಿ ಹೋಗುತ್ತಿರಲಿಲ್ಲ. ಟಪಾಲು ಕಚೇರಿಯ ತಂತಿಯಂತೆ ಹಿತ್ತಾಳೆಯ ಗುಂಡಿಯೊಂದನ್ನು ಒತ್ತಿ, ಗಿಡ್ಡ ಸದ್ದು ಉದ್ದ ಸದ್ದುಗಳಲ್ಲಿ ಅಕ್ಷರ ಕೂಡಿಸಬೇಕು. ಹೀಗೆ ರಂಗೂನಿನ ಯಾರೋ, ಸಿಲೋನಿನ ಯಾರೋ ಅವರಿಗೆ ಗೆಳೆಯರಾಗಿದ್ದರು.

ಅಕ್ಕನಿಗೆ ಮೊದಮೊದಲು ಇದೆಂದರೆ ಸಿಟ್ಟು. “ನನ್ನ ಕೂಡ ಎರಡು ಮಾತಾಡಲಿಕ್ಕೆ ಪುರಸೊತ್ತಿಲ್ಲ, ಸಮುದ್ರದಾಚೆ ಮಂದಿ ಕೂಡ ಹರಟಿ ಹೊಡೀತಾರ” ಎಂದು ತವರಾದ ನಮ್ಮ ಕಮಲಾಪುರಕ್ಕೆ ಬಂದಾಗಲೆಲ್ಲ ದೂರುತ್ತಿದ್ದಳು. ಭಾವ ಜಗಳವಾಡಲಿಲ್ಲ. ಅವಳನ್ನೇ ಕರೆದು ಕೂಡಿಸಿಕೊಂಡು ಇಂಗ್ಲಿಷ್ ಅಕ್ಷರ ಕಲಿಸಿದರು, ಅಕ್ಷರಕ್ಕೊಂದು ಸದ್ದು ಕಲಿಸಿದರು. ಅವಳು ಎಷ್ಟು ಬೇಗ ಕಲಿತಳೆಂದರೆ, ರೊಟ್ಟಿ ಬಡಿಯುವಾಗ ಕೈಯಲ್ಲೇ ಅವರ ಹೆಸರು ಬಡಿದು ತೋರಿಸಿ, “ಗಂಡನ ಹೆಸರು ಬಾಯಿಲೆ ಹೇಳಿಲ್ಲ ನೋಡು” ಎಂದು ನನ್ನೆದುರು ನಕ್ಕಿದ್ದಳು.

ಮದುವೆಯಾಗಿ ಕೆಲವೇ ವರ್ಷಕ್ಕೆ ಅಕ್ಕನಿಗೆ ಕ್ಷಯ ತಗುಲಿತು. ಕಲಬುರ್ಗಿಯ ಡಾಕ್ಟರರು ಪೇಟೆಯ ಧೂಳು ಬೇಡ, ಬಯಲ ಗಾಳಿಯಲ್ಲಿ ಇಡಿ ಎಂದರು. ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ತೋಟದ ಮನೆಯ ಮೂಡಣ ಕೋಣೆಗೆ ಅವಳ ಮಂಚ ಬಂತು. ಅವಳನ್ನು ನೋಡಿಕೊಳ್ಳಲು ಅವ್ವ ಇದ್ದಳು, ತೋಟಕ್ಕೆ ನಾನಿದ್ದೆ. ಭಾವನಿಗೆ ಶಾಲೆ ಬಿಡುವಂತಿರಲಿಲ್ಲ, ವಾರಕ್ಕೊಮ್ಮೆ ಸರ್ವಿಸ್ ಮೋಟಾರು ಎನ್ನುತ್ತಿದ್ದ ಬಸ್ಸಿನಲ್ಲಿ ಬರುತ್ತಿದ್ದರು. ಬಂದರೆ ಡಾಕ್ಟರರ ಮಾತು ಗಾಳಿಗೆ ತೂರಿ ಅವಳ ಹಾಸಿಗೆಯ ಮೇಲೇ ಕೂಡುತ್ತಿದ್ದರು, ಅವಳು ಕುಡಿದ ಲೋಟದಲ್ಲೇ ನೀರು ಕುಡಿಯುತ್ತಿದ್ದರು. ಅಕ್ಕ ಬೈಯುತ್ತಿದ್ದಳು, ಅಳುತ್ತಿದ್ದಳು. ಅವರು ಕೇಳುತ್ತಿರಲಿಲ್ಲ.

ಉಳಿದ ದಿನಗಳಿಗೆ ಏನು ಮಾಡುವುದು? ಭಾವ ಮತ್ತೆ ಹೈದರಾಬಾದಿಗೆ ಓಡಾಡಿ ಕಮಲಾಪುರಕ್ಕೂ ಬೇರೆ ಪರವಾನಗಿ ತಂದರು. ಅಕ್ಕನ ಮಂಚದ ಪಕ್ಕದ ಸ್ಟೂಲಿನ ಮೇಲೆ ಸಣ್ಣದೊಂದು ಸೆಟ್ಟು ಕೂತಿತು. ಕರೆಂಟು ಇಲ್ಲದ ಊರು. ಮೋಟಾರಿನ ಬ್ಯಾಟರಿಯೇ ಗತಿ. ಬಾಳೆಗೊನೆಯ ಜೊತೆ ಖಾಲಿ ಬ್ಯಾಟರಿ ಕಲಬುರ್ಗಿಗೆ ಹೋಗುತ್ತಿತ್ತು, ತುಂಬಿಸಿಕೊಂಡು ಮರಳುತ್ತಿತ್ತು.

ಈಗ ಎಲ್ಲರೂ ಆಂಟೆನಾ ಎನ್ನುತ್ತಾರೆ. ಆಗ ಅದು ಏರಿಯಲ್ಲು. ಭಾವ ಮೊದಲು ಕಲಬುರ್ಗಿಯ ಮನೆಯ ಏರಿಯಲ್ಲನ್ನೇ ಸರಿಮಾಡಲು ಹೊರಟರು. ಓಣಿಯಲ್ಲೆಲ್ಲ ಎತ್ತರವಾಗಲಿ ಎಂದು ಮಾಳಿಗೆಯ ಎರಡು ತುದಿಗೂ ಬಿದಿರಿನ ಮೇಲೆ ಬಿದಿರು ಕಟ್ಟಿ ನಿಲ್ಲಿಸಿದರು. ಹಗ್ಗ ಜಗ್ಗಿ ಹಿಡಿದವನು ನಾನೇ. ನಡುವೆ ತಾಮ್ರದ ತಂತಿ, ಅದರ ಎರಡು ಕೊನೆಗೂ ಕರೆಂಟು ಹರಿದುಹೋಗದಂತೆ ತಡೆಯುವ ಪಿಂಗಾಣಿಯ ಗುಬ್ಬಿಗಳು. ನೆರೆಯವರು ಬಂದು, “ಇದು ಸಿಡಿಲು ಕರೀತದ್ರಿ ಮಾಸ್ತರ್” ಎಂದು ತಕರಾರು ತೆಗೆದರು. ಭಾವ, ಮೋಡ ಕಂಡ ಕೂಡಲೇ ತಂತಿಯನ್ನು ಸೆಟ್ಟಿನಿಂದ ಬಿಡಿಸಿ ನೆಲಕ್ಕೆ ಜೋಡಿಸುವುದನ್ನು ಅವರಿಗೆ ಮಾಡಿ ತೋರಿಸಿ ಕಳಿಸಿದರು.

ಕಮಲಾಪುರದಲ್ಲಿ ಕಂಬ ಬೇಕಿರಲಿಲ್ಲ. ಬಾವಿಯ ಬಳಿಯ ಹುಣಸೆಮರಕ್ಕೂ ಮನೆಯ ಹಿಂದಿನ ಬೇವಿನಮರಕ್ಕೂ ಎತ್ತರದಲ್ಲಿ ತಂತಿ ಎಳೆದೆವು. ಗಾಳಿಗೆ ಮರ ತೂಗಿದರೆ ತಂತಿ ಹರಿಯಬಾರದಲ್ಲ? ಅದಕ್ಕೆ ಭಾವ ಬೇವಿನ ಕಡೆ ಸಣ್ಣ ಗಾಲಿ ಕಟ್ಟಿ, ಅದರ ಮೇಲಿಂದ ಹಗ್ಗ ಹಾಯಿಸಿ, ಹಗ್ಗದ ತುದಿಗೆ ಕಲ್ಲು ತೂಗಿಬಿಟ್ಟರು. ಮರ ಬಾಗಿದಾಗ ಕಲ್ಲು ಮೇಲೇರುತ್ತಿತ್ತು, ನೆಟ್ಟಗಾದಾಗ ಇಳಿಯುತ್ತಿತ್ತು. ಅಕ್ಕ ಕಿಟಕಿಯಿಂದ ಅದನ್ನೇ ನೋಡುತ್ತ ಮಲಗಿರುತ್ತಿದ್ದಳು.

ಎಲ್ಲ ಆಯಿತು, ಮಾತು ಮಾತ್ರ ಬರಲಿಲ್ಲ. ದಿನವೂ ಸಂಜೆ ಅಕ್ಕ ಹೆಡ್‌ಫೋನು ಹಾಕಿಕೊಂಡು ಕೂಡುವಳು. ಜೋಳ ಹುರಿದಂತೆ ಚಟಪಟ ಬಿಟ್ಟರೆ ಏನೂ ಇಲ್ಲ. ಅತ್ತ ಭಾವನಿಗೆ ರಂಗೂನು ಕೇಳುತ್ತಿತ್ತು, ಅದರಾಚೆಯದೂ ಕೇಳುತ್ತಿತ್ತು, ಕಮಲಾಪುರ ಕೇಳುತ್ತಿರಲಿಲ್ಲ. ನಾನು ಬ್ಯಾಟರಿ ಒಯ್ದಾಗ ಅವರು ಮಾಳಿಗೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಮುಂದಿನ ಸಲ ಹೋದಾಗ ಬಿದಿರುಗಳೆಲ್ಲ ನೆಲಕ್ಕಿಳಿದಿದ್ದವು. ತಂತಿಯನ್ನು ಮಾಳಿಗೆಯಿಂದಲೇ ತೆಗೆದು, ಹಿತ್ತಲಿನಲ್ಲಿ ಕೈ ಎತ್ತಿದರೆ ಇನ್ನೇನು ಸಿಗುತ್ತದೆ ಎಂಬಷ್ಟು ತಗ್ಗಿನಲ್ಲಿ ಕಟ್ಟಿದ್ದರು. ಇವರಿಗೆ ಬುದ್ಧಿ ಕೆಟ್ಟಿತು ಎಂದುಕೊಂಡೆ.

“ಕೆಟ್ಟಿಲ್ಲ ತಮ್ಮಾ, ಈಗ ಬಂದದ” ಎಂದರು. “ಎತ್ತರದ ತಂತಿಯಿಂದ ಹೊಂಟಿದ್ದು ಓರೆ ಆಗಿ ಆಕಾಶಕ್ಕ ಬಡಿದು ಎಲ್ಲೋ ದೂರ ಹೋಗಿ ಬೀಳ್ತದ. ಕಮಲಾಪುರದ ತಲಿ ಮ್ಯಾಲಿಂದನೇ ಹಾರಿ ಹೋಗ್ತಿತ್ತು. ತಗ್ಗಿನ ತಂತೀದು ಹಂಗಲ್ಲ, ನೆಟ್ಟಗ ಮ್ಯಾಲ ಹೋಗಿ ಇಲ್ಲೇ ಸುತ್ತಮುತ್ತ ಮಳಿಯಂಗ ಉದುರ್ತದ. ತಂತಿ ಕಟ್ಟೂ ಮೊದ್ಲ ಯಾರ ಕೂಡ ಮಾತಾಡೂದದ ಅನ್ನೂದು ನೋಡ್ಬೇಕಿತ್ತು. ನಾ ನೋಡ್ಲಿಲ್ಲ.”

ತೋಟದ ತಂತಿಯನ್ನೂ ಇಳಿಸಿ ಕಟ್ಟಿದೆವು. ಅಂದೇ ಸಂಜೆ ಅಕ್ಕ ಹೆಡ್‌ಫೋನು ಒತ್ತಿಹಿಡಿದುಕೊಂಡು “ಬಂದ್ರು! ಅವ್ವಾ, ಬಂದ್ರು!” ಎಂದು ಕೂಗಿದಳು. ಅವ್ವ ಗಾಬರಿಯಾಗಿ ಸೆರಗು ಹೊದ್ದುಕೊಂಡು ಅಡಿಗೆಮನೆಗೆ ಓಡಿದಳು. ಅಳಿಯನೆದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವ್ವ ಭಾವನ ಕೂಡ ಮಾತಾಡಿದರೆ ಬಾಗಿಲ ಮರೆಯಿಂದಲೇ.

ಅಂದಿನಿಂದ ಅದು ದಿನದ ಪದ್ಧತಿಯಾಯಿತು. ಹೊತ್ತು ಮುಳುಗುವ ಮುಂಚೆ ಇಬ್ಬರೂ ಕೂಡುತ್ತಿದ್ದರು. ಮಾತೇನು ಹೆಚ್ಚಿರಲಿಲ್ಲ, ಅಕ್ಕನಿಗೆ ದಣಿವಾಗುತ್ತಿತ್ತು. ಕಡೆಗೆ ಮಾತ್ರ ಅವಳು ತಪ್ಪದೆ “ಉಂಡ್ರಿ?” ಎಂದು ಒತ್ತುತ್ತಿದ್ದಳು, ಅವರು “ಉಂಡೆ” ಎಂದರೆ ಮುಗಿಯಿತು. ಒಬ್ಬೊಬ್ಬರ ಅಕ್ಷರ ಒಂದೊಂದು ತೆರನಾಗಿರುವಂತೆ ಗುಂಡಿ ಒತ್ತುವ ಕೈಯೂ ಒಂದೊಂದು ತೆರ ಎಂದು ಭಾವ ಹೇಳುತ್ತಿದ್ದರು. ಅಕ್ಕನ ಕೈಯಲ್ಲಿ “ಉಂ” ಆದ ಮೇಲೆ ಒಂದು ಸಣ್ಣ ತಡೆ, ಆಮೇಲೆ “ಡ್ರಿ”. ಅಲ್ಲಿ ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು.

ಆ ಬೇಸಿಗೆ ಶಾಲೆಯಲ್ಲಿ ಪರೀಕ್ಷೆಗಳು ನಡೆದಿದ್ದವು, ಭಾವನಿಗೆ ಬರಲಾಗಲಿಲ್ಲ. ಅಕ್ಕ ಇಳಿಯುತ್ತ ಹೋದಳು. ಕರೆದುಕೊಂಡು ಬರುತ್ತೇನೆ ಎಂದು ನಾನು ಹೊರಟು ನಿಂತರೆ, “ದಿನಾ ಸಂಜಿಗೆ ಎಲ್ಲಾ ಹೇಳೀನಿ ಅವ್ರಿಗೆ. ಪರೀಕ್ಷಾ ಮುಗಿಸ್ಕೊಂಡು ಬರ್ತಾರ” ಎಂದಳು. ಸಂಜೆ ನಾನು ತೋಟಕ್ಕೆ ನೀರು ಬಿಡುವ ಹೊತ್ತು. ಕೋಣೆಯಿಂದ ಗುಂಡಿಯ ಟಿಕಟಿಕ ಕೇಳಿಸುತ್ತಿತ್ತು, ನಂಬಿದೆ. ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಭಾವ ಬಂದಾಗ ಮಣ್ಣಿಗೆ ಹೊರಡುವುದೊಂದೇ ಉಳಿದಿತ್ತು. “ನಿನ್ನೀನೂ ಮಾತಾಡಿದ್ಳಲ್ಲೋ” ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು.

ದಿನಕಾರ್ಯಗಳೆಲ್ಲ ಮುಗಿದ ಮೇಲೆ ಅವರು ಕಲಬುರ್ಗಿಗೆ ಮರಳಿದರು. ತೋಟದ ಸೆಟ್ಟಿಗೆ ಕೈಹಚ್ಚಲು ಅವರಿಗೆ ಮನಸ್ಸಾಗಲಿಲ್ಲ. ಕೋಣೆಗೆ ಬೀಗ ಹಾಕಿದೆವು, ಕೀಲಿ ಅವ್ವನ ಸೊಂಟದಲ್ಲಿತ್ತು.

ಒಂದು ಬೆಳಿಗ್ಗೆ ಮೊದಲ ಮೋಟಾರಿಗೇ ಭಾವ ತೋಟಕ್ಕೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

“ನಿನ್ನಿ ಸಂಜಿಗೆ ಆ ಕೋಣ್ಯಾಗ ಯಾರಿದ್ರು?”

“ಯಾರೂ ಇಲ್ರಿ ಭಾವ. ಬೀಗ ಹಾಕೇದ.”

“ಸುಳ್ಳು ಹೇಳಬ್ಯಾಡ. ನೀ ಒತ್ತಿದೇನು?”

“ನನಗೆಲ್ಲಿ ಬರ್ತದ್ರಿ ಅದು?”

ಅವರು ಕಟ್ಟೆಯ ಮೇಲೆ ಕುಸಿದು ಕೂತರು. “ಹಂಗಾರ ಆಕೀನೇ ಬಂದಿದ್ಳು. ಸುಮ್ನ ಕಿವಿಗೆ ಹಾಕ್ಕೊಂಡು ಕುಂತಿದ್ದೆ. ಉಂಡ್ರಿ ಅಂದ್ಳು. ಉಂ ಅಂದು, ಉಸಿರು ತಗೊಂಡು, ಆಮ್ಯಾಲ... ಆಕಿ ಕೈನೇ ತಮ್ಮಾ. ನನಗ ಗೊತ್ತಾಗಲ್ಲೇನು?”

ಆಗ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು.

“ನಾನೇ ರೀ ಒತ್ತಿದ್ದು” ಎಂದಳು ಅವ್ವ.

ಅವ್ವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಭಾವ ಬಾಗಿಲಿನತ್ತ ತಿರುಗಿದರು. “ಯಾರು ಕಲಿಸಿದ್ರು ನಿಮಗ?”

“ಆಕೀನೇ. ಆಕಿಗಿ ಕೈ ಎತ್ತಲಿಕ್ಕಾಗಲಾರದಂಗ ಆತಲ್ರಿ, ಆವಾಗ ನನ್ನ ಕೈ ಹಿಡಿದು ಕಲಿಸಿದ್ಳು. ಸಂಜಿಗೆ ಇದು ಬರಲಿಲ್ಲಂದ್ರ ಅವ್ರು ಓಡಿ ಬರ್ತಾರ, ಬಂದು ಹಾಸಿಗಿ ಮ್ಯಾಲೇ ಕುಂದರ್ತಾರ, ಈ ಬ್ಯಾನಿ ಅವ್ರಿಗೂ ಹತ್ತತದ, ಬರೂದು ಬ್ಯಾಡವ್ವಾ ಅಂದ್ಳು. ಆಕಿ ಹೆಂಗ ಹೇಳಿದ್ಳೋ ಹಂಗ ಒತ್ತಿದೆ. ನಿನ್ನಿ ಮನಸ್ಸು ತಡೀಲಿಲ್ರಿ. ನೀವು ಉಂಡ್ರೋ ಇಲ್ಲೋ ಅಂತ...”

ನನಗೆ ಅರ್ಥವಾಗಿದ್ದು ನಿಧಾನಕ್ಕೆ. ಅಕ್ಕ ಸೌಖ್ಯವಾಗಿದ್ದಾಳೆಂದು ಭಾವ ನಂಬಿಕೊಂಡು ಕೂತ ಆ ಕೊನೆಯ ಸಂಜೆಗಳು ಅಕ್ಕನವಾಗಿರಲಿಲ್ಲ.

ಭಾವ ಒಂದೇ ಮಾತು ಕೇಳಿದರು. “ಎಂದಿನಿಂದ?”

ಬಾಗಿಲ ಮರೆಯಿಂದ ಬಿಕ್ಕುವುದು ಮಾತ್ರ ಕೇಳಿಸಿತು. ಅವರು ಅರಚುತ್ತಾರೆ, ಸೆಟ್ಟನ್ನು ಎತ್ತಿ ಒಗೆಯುತ್ತಾರೆ ಎಂದು ನಾನು ಹೆದರಿ ನಿಂತಿದ್ದೆ. ಅವರು ಎದ್ದು ಬಾವಿಯ ಕಡೆ ಹೋದರು. ಬಹಳ ಹೊತ್ತು ಹುಣಸೆಮರಕ್ಕೆ ಹಣೆ ಹಚ್ಚಿ ನಿಂತಿದ್ದರು. ಆಮೇಲೆ ಬಂದು, ಸಡಿಲಾಗಿದ್ದ ತಂತಿಯನ್ನು ಬಿಗಿ ಮಾಡಿದರು, ಬ್ಯಾಟರಿಗೆ ನೀರು ಹಾಕಿದರು. ಹೊರಡುವಾಗ ನನ್ನನ್ನು ನೋಡುತ್ತ, ಒಳಗೆ ಕೇಳುವಂತೆ ಹೇಳಿದರು: “ಸಂಜಿಗೆ ನಾ ಕೇಳ್ತಿರ್ತೀನಿ. ದಿನಾ ಒತ್ತಂತ ಹೇಳು ನಿಮ್ಮವ್ವಗ.”

ಅವ್ವ ದಿನವೂ ಒತ್ತಿದಳು. ಬೇರೆ ಮಾತು ಅವಳಿಗೆ ಗೊತ್ತಿರಲಿಲ್ಲ. ಅತ್ತಣಿಂದ ಬರುವ ಉತ್ತರವನ್ನು ಹೆಡ್‌ಫೋನಿನಲ್ಲಿ ಕೇಳಿ, “ಉಂಡಾರಂತ” ಎಂದು ನನಗೆ ಹೇಳಿ ಬೀಗ ಹಾಕುತ್ತಿದ್ದಳು. ತೋಟದಲ್ಲಿ ನೀರು ತಿರುಗಿಸುತ್ತ ಆ ಟಿಕಟಿಕ ಕೇಳಿದಾಗಲೆಲ್ಲ ನನಗೆ ಕಿಟಕಿಯ ಕಡೆ ನೋಡಲು ಧೈರ್ಯವಾಗುತ್ತಿರಲಿಲ್ಲ. ಒಳಗೆ ಕೂತವಳು ಅವ್ವ ಎಂದು ಗೊತ್ತಿದ್ದೂ, ಆ ಉಸಿರಿನ ತಡೆ ಬಂದಾಗ ಅಲ್ಲಿ ಇನ್ನೊಬ್ಬಳು ಇದ್ದಳು.

ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮನೆಗಳಲ್ಲಿರುವ ಕಳಿಸುವ ರೇಡಿಯೋಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂದು ಹುಕುಂ ಬಂತು. ಪೊಲೀಸ್ ಅಮೀನರು ಒಳ್ಳೆಯವರು, ಅವರ ಮಗ ಭಾವನ ಶಿಷ್ಯ. “ಮಾಸ್ತರ್ ಸಾಬ್, ನಂದೇನು ಚಲ್ತದ್ರಿ ಇದರಾಗ? ಕಮಲಾಪುರದ್ದು ನೀವೇ ಬಿಚ್ಚಿ ತಂದು ಕೊಡ್ರಿ” ಎಂದರಂತೆ.

ಭಾವ ಬಂದು ತಾವೇ ತಂತಿ ಬಿಚ್ಚಿ ಇಳಿಸಿದರು. ಅಂಗಳದಲ್ಲಿ ಕೂತು ಸುತ್ತುತ್ತಿದ್ದಾಗ ಅವ್ವ ಬಾಗಿಲು ದಾಟಿ ಹೊರಗೆ ಬಂದಳು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ನನಗೆ ತಿಳಿದಂತೆ ಅವಳು ಅಳಿಯನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಇನ್ನ ನಾ ಹೆಂಗ ಕೇಳ್ಲಿ ನಿಮಗ?”

ಭಾವ ತಂತಿಯ ಸುರುಳಿ ಕೆಳಗಿಟ್ಟರು. “ನಡೀರಿ ಕಲಬುರ್ಗಿಗೆ. ಎದುರಿಗೇ ಕೇಳ್ರಿ.”

ಅತ್ತೆ ಅಳಿಯನ ಮನೆಯಲ್ಲಿ ಹೋಗಿ ಇರುವುದೆಂದರೆ ಜನ ಆಡಿಕೊಂಡರು. ನನಗೂ ಇರುಸುಮುರುಸಾಯಿತು. ಭಾವ ಮತ್ತೊಂದು ಮದುವೆಯ ಮಾತು ತಂದವರನ್ನು ಚಹಾ ಕುಡಿಸಿ ಕಳಿಸಿದರು. ಅವ್ವ ಸಾಯುವವರೆಗೂ ಅವರ ಮನೆಯಲ್ಲೇ ಇದ್ದಳು, ಅವರಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಅವಳ ಕಾಲು ಬಿದ್ದುಹೋಗಿ ನಡೆಯಲಾಗದಾಗ ಎತ್ತಿ ಬಿಸಿಲಿಗೆ ಕೂಡಿಸಿದವರು ಭಾವ. ಆ ಕೊನೆಯ ಸಂಜೆಗಳ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಒಂದೇ ಒಂದು ಕಟುಮಾತು ಅವರ ಬಾಯಿಂದ ಬಂದಿದ್ದರೆ ಅವ್ವ ಅಂದೇ ಹೋಗಿಬಿಡುತ್ತಿದ್ದಳು. ನನ್ನ ತಾಯಿಯ ಅಷ್ಟು ವರ್ಷಗಳು ಅವರು ಕೊಟ್ಟದ್ದು.

ಅವ್ವ ಹೋದ ಮೇಲೆ ಭಾವ ಬಹಳ ದಿನ ಉಳಿಯಲಿಲ್ಲ. ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

“ನಿಮ್ಮವ್ವ ನಿನಗರೆ ಹೇಳಿದ್ರೇನು, ಆಕಿ ಕೈ ಯಾವಾಗ ನಿಂತು ಅವ್ರ ಕೈ ಯಾವಾಗ ಶುರುವಾತು ಅಂತ?”

“ಇಲ್ರಿ ಭಾವ. ನಾ ಕೇಳೂ ಇಲ್ಲ.”

“ಛಲೋ ಆತು” ಎಂದರು. “ಗೊತ್ತಾಗಿದ್ರ ಆ ದಿನದ ಮುಂದಿನ ಸಂಜಿ ಎಲ್ಲಾ ಸುಳ್ಳಾಗ್ತಿದ್ದವು. ಈಗ ಯಾವ ಸಂಜಿ ನೆನಸಿದ್ರೂ ಅದು ಆಕೀದೇ ಇರ್ಬಹುದು.”

ಆ ವಾರವೇ ಅವರು ತೀರಿಕೊಂಡರು. ಅವರನ್ನು ಕಮಲಾಪುರಕ್ಕೆ ತಂದು ಅಕ್ಕ ಮತ್ತು ಅವ್ವನ ಸಮಾಧಿಗಳ ನಡುವೆ ಇದ್ದ ಜಾಗದಲ್ಲಿ ಮಣ್ಣು ಮಾಡಿದೆ.