ಸಿಡಿಲು ನುಂಗುವ ಡಬ್ಬಿಗೆ ಮೂರೆಳೆ ವಿಭೂತಿ

ನನ್ನ ಭಾವನನ್ನು ನಾನು ಹೆಚ್ಚುಕಡಿಮೆ ಕೊಂದೇ ಬಿಟ್ಟಿದ್ದೆ. ವಿಭೂತಿ ಹಚ್ಚಿ!

ತಮಾಷೆ ಅಲ್ಲ. ಹದಿನೈದು ದಿನವಾಯಿತಷ್ಟೇ. ವಾರವಾರವೂ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾನು ಈ ವಾರ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಅಕ್ಕನ ಮನೆ ಕಂಪ್ಲಿ ಕಡೆ, ಮೆಟ್ರಿಯಲ್ಲಿ. ಭಾವ ಮೂವತ್ತು ವರ್ಷ ರೈಸ್ ಮಿಲ್ಲಿನ ಧೂಳು ಕುಡಿದವರು. ಈಗ ಶ್ವಾಸಕೋಶ ಕೈಕೊಟ್ಟಿದೆ. ಮಂಚದ ಪಕ್ಕದ ಆಕ್ಸಿಜನ್ ಮಷೀನ್ ಗುರ್ರ್ ಎನ್ನುತ್ತಿದ್ದರೆ ಮಾತ್ರ ಅವರಿಗೆ ಉಸಿರು. ಮಷೀನ್ ನಿಲ್ಲುವ ಹಾಗಿಲ್ಲ. ನಮ್ಮ ಕಡೆ ಕರೆಂಟ್ ಹೋಗದೇ ಇರುವ ಹಾಗಿಲ್ಲ! ಅದಕ್ಕೇ ಕಳೆದ ವರ್ಷ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದೆವು. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್. ಜೊತೆಗೆ ಗೋಡೆಗೊಂದು ಸಣ್ಣ ಡಬ್ಬಿ. (ಸರ್ಜ್ ಪ್ರೊಟೆಕ್ಟರ್ ಎನ್ನುತ್ತಾರೆ. ಸಿಡಿಲು ಬಡಿದಾಗ ತಂತಿಯಲ್ಲಿ ನುಗ್ಗಿ ಬರುವ ಕರೆಂಟನ್ನು ಹಿಡಿದು ಭೂಮಿಗೆ ಇಳಿಸುವುದು ಅದರ ಕೆಲಸ.)

ಹೊಸ ಸಾಮಾನು ಬಂದರೆ ಪೂಜೆ ಬೇಡವೇ? ಬೈಕು, ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಯಾವುದನ್ನೂ ನಾವು ಬರಿಹಣೆಯಲ್ಲಿ ಬಿಟ್ಟವರಲ್ಲ. ವಿಭೂತಿ ಕಲಸಿದ ಬಟ್ಟಲು ಹಿಡಿದು ಮುಂದೆ ನಿಂತವನು ನಾನೇ. ಇನ್ವರ್ಟರಿಗೆ ಮೂರು ಬೆರಳು ಎಳೆದೆ. ಡಬ್ಬಿಗೂ ಎಳೆದೆ. ಅದರ ನಟ್ಟನಡುವೆ ಉಗುರಿನಗಲದ ಹಸಿರು ಗುರುತೊಂದಿತ್ತು. ಕುಂಕುಮಕ್ಕೆ ಹೇಳಿ ಮಾಡಿಸಿದ ಜಾಗ!

'ಅಮಾಸಿಗೊಮ್ಮೆ ಇದಕ್ಕೂ ಪೂಜಿ ತಪ್ಪಿಸಬ್ಯಾಡಕ್ಕ. ಭಾವನ ಜೀವ ಕಾಯೋದು ಇದ' ಎಂದು ಭಾಷಣ ಬೇರೆ ಬಿಗಿದೆ. ಅಕ್ಕ ನನ್ನಂಥ ಸೋಮಾರಿಯಲ್ಲ. ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

ಮೊನ್ನೆ ಗುಡುಗು ಮಳೆ ಬಂತಲ್ಲ, ಆ ಸಂಜೆ ಹೊಸಪೇಟೆಯ ಮನೆಯಲ್ಲಿ ಆರಾಮಾಗಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಅಕ್ಕನ ಫೋನು.

'ತಮ್ಮಾ, ಸಿಡಿಲು ಹೊಡೀತೋ! ಇನ್ವರ್ಟರ್‌ದಾಗ ಹೊಗಿ ಬಂತು. ಮಷೀನ್ ನಿಂತೈತಿ. ಜಲ್ದಿ ಬಾರೋ!'

'ಮಷೀನ್ ಸೀದಾ ಕರೆಂಟಿಗೆ ಹಾಕಕ್ಕ!'

'ಹಾಕಿ ನೋಡೀನೋ. ಮಷೀನೂ ಸುಟ್ಟೈತಿ!'

ಆಮೇಲೆ ಅಳು ಮಾತ್ರ ಕೇಳಿಸಿತು.

ಮನೆಯಲ್ಲಿ ಒಂದು ಪುಟ್ಟ ಆಕ್ಸಿಜನ್ ಸಿಲಿಂಡರ್ ಇತ್ತು, ಅರ್ಧಕ್ಕಿಂತ ಕಡಿಮೆ. ಪಕ್ಕದ ಮನೆಯವರು ಅದನ್ನೂ ಭಾವನನ್ನೂ ಕಾರಿಗೆ ಹಾಕಿಕೊಂಡು ಕಂಪ್ಲಿಯ ಆಸ್ಪತ್ರೆಗೆ ಓಡಿದರು. ನಾನು ಆ ಮಳೆಯಲ್ಲಿ ಹೇಗೆ ಗಾಡಿ ಓಡಿಸಿದೆನೋ ದೇವರಿಗೇ ಗೊತ್ತು. ಆಸ್ಪತ್ರೆಗೆ ಹೋಗಿ ನೋಡಿದರೆ ಭಾವನ ತುಟಿ ನೇರಳೆ ಹಣ್ಣು ತಿಂದಂತಿತ್ತು. ಅಕ್ಕ ಅವರ ಅಂಗಾಲು ತಿಕ್ಕುತ್ತಲೇ ಇದ್ದಳು.

'ಇನ್ನ ಹತ್ತು ನಿಮಿಷ ತಡ ಆಗಿದ್ರ ಕೈ ಮೀರ್ತಿತ್ರಿ' ಎಂದರು ಡಾಕ್ಟರ್.

ಮರುದಿನ ಸೋಲಾರ್ ಹಾಕಿದ ಖಾಜಾ ಬಂದ. ನನ್ನ ಹೆದರಿಕೆಯೆಲ್ಲ ಸಿಟ್ಟಾಗಿತ್ತು. 'ಏನ್ರಿ ನಿಮ್ಮ ಡಬ್ಬಿ? ಸಿಡಿಲು ಬಂದಾಗ ಮಲಗಿತ್ತೇನು?' ಎಂದು ಕೂಗಾಡಿದೆ. ಪಾಪ, ಆತ ಡಬ್ಬಿ ನೋಡಿದ. ಅಕ್ಕನನ್ನು ಒಂದು ಬಟ್ಟೆ ಕೇಳಿದ. ಉಜ್ಜಿದ. ಅಮಾವಾಸ್ಯೆಗಳೆಲ್ಲ ಪದರ ಪದರವಾಗಿ ಉದುರಿದವು. ನಡುವೆ ಕೆಂಪು ಹಾಗೇ ಉಳಿಯಿತು.

'ಕುಂಕುಮ ಇನ್ನೂ ಐತಲ್ರಿ, ಒರಸ್ರಿ' ಎಂದೆ ನಾನು.

'ಕುಂಕುಮ ಅಲ್ರಿ ಸರ್. ಇದು ಅದರ ಕಿಟಕಿ. ಹಸಿರಿದ್ರ ಜೀವ ಐತಿ ಅಂತ, ಕೆಂಪಾದ್ರ ಸತ್ತೈತಿ ಅಂತ. ಹಿಂದಿನ ಯಾವುದೋ ಸಿಡಿಲು ತಾನು ತಡಕೊಂಡು ಸತ್ತೈತ್ರಿ. ಆವಾಗ್ಲೇ ಬದಲು ಮಾಡಬೇಕಿತ್ತು.'

ಯುಗಾದಿಯ ಆಸುಪಾಸಿನಲ್ಲಿ ಒಂದು ದೊಡ್ಡ ಸಿಡಿಲು ಬಡಿದಿದ್ದು ಅಕ್ಕನಿಗೆ ನೆನಪಾಯಿತು. ಏನೂ ಆಗಲಿಲ್ಲವೆಂದು ಅವತ್ತು ಡಬ್ಬಿಗೆ ಎರಡು ಊದಿನಕಡ್ಡಿ ಹೆಚ್ಚಿಗೆ ಬೆಳಗಿದ್ದಳಂತೆ. ಅಂದರೆ ಅಂದಿನಿಂದ ನಾವು ಪೂಜೆ ಮಾಡಿದ್ದು ಯಾರಿಗೆ? ಹೆಣಕ್ಕೆ!

ಇನ್ನೂ ಕೇಳಿ. ಡಬ್ಬಿಯ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಹಸಿರು–ಕೆಂಪಿನ ಚಿತ್ರ ಇದೆ. ಅದೆಲ್ಲಿತ್ತು? ಪ್ಲಾಸ್ಟಿಕ್ ಕವರು ಸಹ ಬಿಚ್ಚದೆ, ಭದ್ರವಾಗಿ, ದೇವರ ಜಗಲಿಯ ಮೇಲೆ. ಇಟ್ಟವನು ಯಾರು ಅಂತ ಬೇರೆ ಹೇಳಬೇಕೇ?

ಈಗ ಹಂಪಿಯ ಗೆಸ್ಟ್ ಹೌಸಿರಲಿ, ಸಂಡೂರಿನ ಮನೆಗಳಿರಲಿ, ಎಲ್ಲಿ ನೋಡಿದರೂ ತಲೆಯ ಮೇಲೆ ಪ್ಯಾನೆಲ್ಲು. ಆ ಡಬ್ಬಿಯ ಕಿಟಕಿ ಎಲ್ಲಿದೆ ಅಂತ ಎಷ್ಟು ಮನೆಯವರಿಗೆ ಗೊತ್ತು? ಪ್ರತಿ ಗುಡುಗು ಮಳೆಯ ನಂತರ ಅದನ್ನೊಮ್ಮೆ ನೋಡಬೇಕಂತೆ. ವರ್ಷಕ್ಕೊಮ್ಮೆ ಅರ್ಥಿಂಗ್ ಚೆಕ್ ಮಾಡಿಸಬೇಕಂತೆ. ಇಷ್ಟೇ. ಇಷ್ಟಕ್ಕೆ ಒಂದು ಜೀವ ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಭಾವನ ಎದುರು ಎಲ್ಲ ಒಪ್ಪಿಕೊಂಡೆ. ಕಣ್ಣಲ್ಲಿ ನೀರು ಬಂತು. ಅವರು ಮಾಸ್ಕ್ ಸರಿಸಿ, ಉಸಿರು ಎಳೆದೆಳೆದು ಹೇಳಿದರು:

'ನಿಂದೊಬ್ಬಂದ ತಪ್ಪಲ್ಲ ಬಿಡೋ. ಆ ಡಬ್ಬಿ ನನ್ನ ಮಂಚದ ಎದುರಿಗೇ ಇತ್ತು. ದಿನಾ ಎದ್ದ ಕೂಡ್ಲೆ ಕೈ ಮುಗೀತಿದ್ದೆ... ಕಣ್ಣು ಮುಚ್ಚಿ.'

ಅಲ್ಲ, ಕೈ ಮುಗಿಯುವಾಗ ನಾವು ಕಣ್ಣನ್ನೇಕೆ ಮುಚ್ಚುತ್ತೇವೆ?